ವೆಲ್ಡರನ ಸಂಸಾರ ಕುವೈತಿಗೆ ಹೋದದ್ದು

ನಾವಿರುವ ಸೌದಿಯ ಅಲ್ ಖಫ್ಜಿಯಿಂದ ಕುವೈತಿನಲ್ಲಿರುವ ನನ್ನ ತಂಗಿಯ ಮನೆಗೆ ಮಂಗಳೂರಿನಿಂದ ಕುಂದಾಪುರಕ್ಕೆ ಹೋದಷ್ಟೇ ದೂರ. ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳ ಪೈಪೋಟಿಯಿಲ್ಲ, ಟೋಲ್ ಗೇಟಿನ ಜಗಳವಿಲ್ಲ, ಮುಗಿಯದ ಫ್ಲೈಓವರ್ ಇಲ್ಲ. ಇರುವುದು ಒಂದು ಗಡಿ ಮಾತ್ರ. ಆ ಗಡಿಯ ದೆಸೆಯಿಂದ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಬೇಕೆಂದರೆ ಇಬ್ಬರೂ ವಿಮಾನ ಹತ್ತಿ ಮಂಗಳೂರಿಗೆ ಹೋಗಬೇಕಾಗಿತ್ತು. ಅವಳ ಗಂಡನ ರಜೆಗೂ ನನ್ನ ಗಂಡನ ರಜೆಗೂ ತಾಳೆಯಾಗಬೇಕು, ಆಮೇಲೆ ಟಿಕೆಟ್ ಸಿಗಬೇಕು. ಒಂದು ಗಂಟೆ ಕಾರಿನ ದಾರಿಯನ್ನು ಬಿಟ್ಟು ಸಮುದ್ರ ದಾಟಿ ಹೋಗಿ ಭೇಟಿಯಾಗುವ ಅಕ್ಕತಂಗಿಯರನ್ನು ನಾನಂತೂ ಬೇರೆ ಕಂಡಿಲ್ಲ.

ಅವಳನ್ನು ಈಚೆ ಕರೆಸಲು ಸೌದಿಯ ವೀಸಾ ಆಗ ಇನ್ನೂ ಕಷ್ಟ. ಕುವೈತಿನವರು ಯಾರನ್ನೂ ಬಿಡುತ್ತಿರಲಿಲ್ಲ ಎಂದಲ್ಲ. ಸೌದಿಯಲ್ಲಿ ಇಕಾಮಾ, ಅಂದರೆ ವಾಸದ ಕಾರ್ಡು, ಇದ್ದವರಿಗೆ ಗಡಿಯಲ್ಲೇ ಪ್ರವಾಸಿ ವೀಸಾ ಸಿಗುತ್ತಿತ್ತು. ಆದರೆ ಕಾರ್ಡಿನಲ್ಲಿ ಬರೆದ ವೃತ್ತಿ ಅವರು ಒಪ್ಪುವ ವೃತ್ತಿಗಳಲ್ಲಿ ಒಂದಾಗಿರಬೇಕು. ಡಾಕ್ಟರು, ಇಂಜಿನಿಯರು, ಮ್ಯಾನೇಜರು, ವಕೀಲರು, ಲೆಕ್ಕಪತ್ರದವರು, ಹೀಗೆ ಕಾಲರ್ ಮಾಸದ ಕೆಲಸದವರೆಲ್ಲ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ವಾರಾಂತ್ಯ ಹೋಗಿ ಬರಬಹುದು. ಹೆಂಡತಿ ಒಬ್ಬಳೇ ಹೋಗುವ ಹಾಗಿಲ್ಲ, ಅವಳ ಕಾರ್ಡು ಗಂಡನ ಕಾರ್ಡಿಗೆ ಅಂಟಿಕೊಂಡದ್ದು. ನನ್ನ ಗಂಡ ವೆಲ್ಡರ್. ಕಾರ್ಡಿನಲ್ಲೂ ಹಾಗೆಯೇ ಇದೆ. ಹೆಂಡತಿಯನ್ನು ಊರಿನಿಂದ ಕರೆಸಿಕೊಳ್ಳಲು ಆ ಶಬ್ದ ಹೇಗೋ ಸಾಕಾಗಿತ್ತು. ಹೆಂಡತಿಯ ತಂಗಿಯ ಮನೆಗೆ ಹೋಗಲು ಸಾಕಾಗಲಿಲ್ಲ.

ಇದಕ್ಕೆ ನಮ್ಮವರು ಕಂಡುಕೊಂಡ ದಾರಿಯೊಂದಿತ್ತು. ಪ್ರತಿ ಕಂಪನಿಯಲ್ಲೂ ಸರಕಾರಿ ಕಚೇರಿಗಳಿಗೆ ಓಡಾಡುವ ಒಬ್ಬ ಮನುಷ್ಯ ಇರುತ್ತಾನೆ. ಅವನನ್ನು ಮಂದೂಬ್ ಎನ್ನುತ್ತಾರೆ. ಮಂದೂಬ್ ಮನಸ್ಸು ಮಾಡಿದರೆ, ಮೇಲಿನವರು ಹೂಂ ಎಂದರೆ, ಕಾರ್ಡಿನಲ್ಲಿ ವೃತ್ತಿಯ ಹೆಸರು ಬದಲಾಗುತ್ತದೆ. ನಮ್ಮ ಕಟ್ಟಡದಲ್ಲಿ ಹೀಗೆ ಬದಲಾಗದವರೇ ಕಡಿಮೆ. ಲಾರಿ ಓಡಿಸುವವರು ಸೇಲ್ಸ್ ಮ್ಯಾನೇಜರ್ ಆದರು, ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುವವರು ಅಕೌಂಟೆಂಟ್ ಆದರು. ಮೆಟ್ಟಿಲಿನಲ್ಲಿ ಎದುರಾದವರೆಲ್ಲ ಸಾಹೇಬರೇ.

ಕೆಳಗಿನ ಮನೆಯವರು ಬಂಟ್ವಾಳ ಕಡೆಯ ಬ್ಯಾರಿ ಕುಟುಂಬ. ಯಜಮಾನರು ನನ್ನ ಗಂಡನ ಕಂಪನಿಯಲ್ಲೇ ಕ್ಯಾಂಟೀನಿನ ಅಡುಗೆಯವರು. ಅವರ ಕೈಯ ಬಿರಿಯಾನಿ ತಿಂದವರು ಊರಿಗೆ ಹೋದ ಮೇಲೂ ಅದನ್ನೇ ಮಾತಾಡುತ್ತಾರೆ. ಅವರನ್ನು ಮಂದೂಬ್ ಮೊದಲು ಅಕೌಂಟೆಂಟ್ ಮಾಡಿದ. ಅಕೌಂಟೆಂಟರು ಸರ್ಟಿಫಿಕೇಟ್ ತೋರಿಸಿ ನೋಂದಾಯಿಸಬೇಕು ಎಂಬ ನಿಯಮ ಬಂದಾಗ ಅವನೇ ಹೆದರಿ ಮಾರ್ಕೆಟಿಂಗ್ ಮ್ಯಾನೇಜರ್ ಮಾಡಿದ. ಒಂದು ಶುಕ್ರವಾರ ಅವರು ಹೊಸ ಅಂಗಿ ತೊಟ್ಟು, ಹೆಂಡತಿ ಮಕ್ಕಳೊಂದಿಗೆ ಕುವೈತ್ ನೋಡಲು ಹೊರಟರು. ಗಡಿಯ ಕೌಂಟರಿನಲ್ಲಿ ಅಧಿಕಾರಿ ಕಾರ್ಡು ಹಿಡಿದುಕೊಂಡು, ನಿನ್ನ ಕೆಲಸ ಯಾವುದು ಎಂದು ಸುಮ್ಮನೆ ಕೇಳಿದನಂತೆ. ಇವರು ಅಕೌಂಟೆಂಟ್ ಎಂದರು. ಅಧಿಕಾರಿ ಕಾರ್ಡು ನೋಡಿದ, ಇವರ ಮುಖ ನೋಡಿದ, ಮತ್ತೊಮ್ಮೆ ಕೇಳಿದ. ತಪ್ಪಾಯಿತೆಂದು ತಿಳಿದು ಇವರು ಸೂಪರ್‌ವೈಸರ್ ಎಂದರು. ಮೂರನೆಯ ಸಲ ಕೇಳಿದಾಗ ನಿಜವೇ ಹೊರಗೆ ಬಂತು. ಅಡುಗೆ, ಎಂದರು. ಮಧ್ಯಾಹ್ನದ ಊಟಕ್ಕೆ ವಾಪಸು ಮನೆಯಲ್ಲಿದ್ದರು.

ತನ್ನ ಕಾರ್ಡಿನಲ್ಲಿ ತಾನು ಏನಾಗಿದ್ದೇನೆ ಎಂಬುದೇ ಮರೆತುಹೋಗುವುದು ಗಲ್ಫಿನಲ್ಲಿ ದುಡಿಯುವ ನಮ್ಮವರಿಗೆ ಮಾತ್ರ ಸಾಧ್ಯ. ಆ ದಿನ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನನ್ನ ಗಂಡ ನಗಲಿಲ್ಲ. ಕೆಳಗೆ ಹೋಗಿ ಅವರೊಂದಿಗೆ ಕೂತು ಚಹಾ ಕುಡಿದು ಬಂದರು.

ನಕ್ಕೆನಾದರೂ ಕಾರ್ಡು ಬದಲಾಯಿಸುವುದು ತಪ್ಪು ಎಂದು ನನಗೆ ಆಗ ಅನ್ನಿಸಿರಲಿಲ್ಲ. ನನ್ನ ಗಂಡನನ್ನೂ ಮುಶ್ರಿಫ್, ಅಂದರೆ ಸೂಪರ್‌ವೈಸರ್, ಮಾಡುತ್ತೇನೆಂದು ಮಂದೂಬ್ ತಾನಾಗಿಯೇ ಹೇಳಿದ್ದ. ಅದಾದರೆ ಗಡಿಯಲ್ಲಿ ತಕರಾರಿಲ್ಲ ಎಂದು ಹೋಗಿ ಬಂದವರೆಲ್ಲ ಹೇಳುತ್ತಿದ್ದರು. ಅದು ಪೂರಾ ಸುಳ್ಳೂ ಆಗುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಇವರ ಕೈಕೆಳಗೆ ಒಂದು ತಂಡವೇ ಕೆಲಸ ಮಾಡುತ್ತಿತ್ತು. ಕಾರ್ಡು ಬದಲಾಯಿಸಿ ಎಂದು ನಾನು ಹೇಳಿದೆ, ಬೇಡಿದೆ, ಕೊನೆಗೆ ಜಗಳಕ್ಕೇ ಇಳಿದೆ.

ನಮ್ಮ ಜಗಳದ ಬಗ್ಗೆ ಒಂದು ಮಾತು ಹೇಳಬೇಕು. ನಾವು ಉಡುಪಿ ಕಡೆಯ ಕ್ರೈಸ್ತರು. ಮನೆಮಾತು ಕೊಂಕಣಿ, ಮಗಳ ಬಾಯಲ್ಲಿ ಬರೀ ಇಂಗ್ಲಿಷ್. ಆದರೆ ನಾನೂ ನನ್ನ ಗಂಡನೂ ಓದಿದ್ದು ಕನ್ನಡ ಶಾಲೆಯಲ್ಲಿ. ಮಗಳಿಗೆ ತಿಳಿಯಬಾರದ ಜಗಳಗಳನ್ನೆಲ್ಲ ನಾವು ಕನ್ನಡದಲ್ಲಿ ಆಡುತ್ತೇವೆ. ಕೊಂಕಣಿಯಲ್ಲಿ ಗಂಡನನ್ನು ಏಕವಚನದಲ್ಲೇ ಮಾತಾಡಿಸುವ ನಾನು ಕನ್ನಡಕ್ಕೆ ಇಳಿದ ಕೂಡಲೇ ‘ನೀವು’ ಎನ್ನುತ್ತೇನೆ. ಹಾಗಾಗಿ ಸಿಟ್ಟು ಏರಿದಷ್ಟೂ ಮರ್ಯಾದೆ ಹೆಚ್ಚು.

ಆ ಸಲದ ಜಗಳದಲ್ಲಿ ಅವರಿಗೆ ಬಹಳ ಮರ್ಯಾದೆ ಸಿಕ್ಕಿತು. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ.

“ಕಾರ್ಡಿನಲ್ಲಿ ಸೂಪರ್‌ವೈಸರ್ ಅಂತ ಬಂದ್ರೆ ನಾಳೆಯಿಂದ ನಾನು ವೆಲ್ಡಿಂಗ್ ಟಾರ್ಚ್ ಮುಟ್ಲಿಕ್ಕಿಲ್ಲ. ಕೈಕಟ್ಟಿ ನಿಂತು ಬೇರೆಯವ್ರು ಬೆಸುಗೆ ಹಾಕುದು ನೋಡ್ಬೇಕು. ಅದು ನನ್ನಿಂದಾಗುದಿಲ್ಲ.”

ಇದು ನಿಜವೇ. ಕಾರ್ಡಿನಲ್ಲಿ ಒಂದು ವೃತ್ತಿ, ಕೈಯಲ್ಲಿ ಇನ್ನೊಂದು ಕೆಲಸ ಎಂದು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಇಲ್ಲಿ ಕಷ್ಟ. ಕ್ಯಾಂಟೀನಿನ ಒಲೆಯ ಮುಂದೆ ನಿಂತವನನ್ನು ಯಾರೂ ಅಷ್ಟು ಕೇಳುವುದಿಲ್ಲ, ಎಣ್ಣೆ ಸ್ಥಾವರದೊಳಗೆ ಟಾರ್ಚ್ ಹಿಡಿಯುವವನನ್ನು ಕೇಳಿಯೇ ಕೇಳುತ್ತಾರೆ. ಅಲ್ಲಿ ಪೈಪಿನ ಪ್ರತಿ ಬೆಸುಗೆಯ ಪಕ್ಕದಲ್ಲಿ ಅದನ್ನು ಹಾಕಿದವನ ನಂಬರು ಬರೆಯುತ್ತಾರೆ. ಆಮೇಲೆ ಎಕ್ಸ್‌ರೇ ತೆಗೆದು ನೋಡುತ್ತಾರೆ. ಒಳಗೆ ಒಂದು ಗುಳ್ಳೆಯಿದ್ದರೂ ಕತ್ತರಿಸಿ ಬಿಸಾಡುತ್ತಾರೆ, ಯಾರ ಕೈ ಕೆಟ್ಟದ್ದೆಂದು ನಂಬರೇ ಹೇಳುತ್ತದೆ. ಇವರ ನಂಬರಿರುವ ಬೆಸುಗೆಯನ್ನು ಕತ್ತರಿಸಿದ್ದು ಬಹಳ ಅಪರೂಪ. ಮದುವೆಯಾದ ಹೊಸತರಲ್ಲಿ ಇವರು ಕಣ್ಣಿನ ಮೇಲೆ ಆಲೂಗಡ್ಡೆಯ ಬಿಲ್ಲೆ ಇಟ್ಟುಕೊಂಡು ಮಲಗಿದ್ದನ್ನು ಕಂಡು ನಾನು ಗಾಬರಿಯಾಗಿದ್ದೆ. ಬೆಸುಗೆಯ ಬೆಳಕು ತಾಗಿ ಕಣ್ಣು ಉರಿಯುವಾಗ ವೆಲ್ಡರುಗಳು ಮಾಡುವ ಮದ್ದು ಅದು. ಇಷ್ಟೆಲ್ಲ ಗೊತ್ತಿದ್ದರೂ ಆ ದಿನ ನನಗೆ ಬೇಕಾಗಿದ್ದದ್ದು ಕುವೈತಿನ ವೀಸಾ. ಗಂಡನ ದೊಡ್ಡತನ ಕಟ್ಟಿಕೊಂಡು ನನಗೇನು ಆಗಬೇಕಿತ್ತು?

ಏಕೆಂದರೆ ಆಗ ನನ್ನ ತಂಗಿಗೆ ಮೊದಲ ಮಗು ಹುಟ್ಟಿತ್ತು. ಅದರ ಜ್ಞಾನಸ್ನಾನಕ್ಕೆ, ಅಂದರೆ ತಲೆಗೆ ನೀರು ಹೊಯ್ದು ಮಗುವನ್ನು ಧರ್ಮಕ್ಕೆ ಸೇರಿಸುವ ಸಂಸ್ಕಾರಕ್ಕೆ, ನಾನು ಜ್ಞಾನತಾಯಿಯಾಗಿ ನಿಲ್ಲಬೇಕಿತ್ತು. ಜ್ಞಾನತಾಯಿ ಎಂದರೆ ಇಗರ್ಜಿಯಲ್ಲಿ, ನೀವು ಚರ್ಚು ಎನ್ನುವಲ್ಲಿ, ಮಗುವನ್ನು ಎತ್ತಿಕೊಂಡು ಅದರ ಪರವಾಗಿ ಉತ್ತರ ಕೊಡುವವಳು, ಮುಂದೆ ಜೀವಮಾನವಿಡೀ ಅದಕ್ಕೆ ಎರಡನೆಯ ತಾಯಿ. ಚಿಕ್ಕವರಿದ್ದಾಗ ಗೊಂಬೆಗೆ ನೀರು ಹೊಯ್ದು ಆಡುತ್ತಿದ್ದ ಕಾಲದಿಂದಲೂ ತಂಗಿ ನನಗೆ ಆ ಮಾತು ಕೊಟ್ಟಿದ್ದಳು. ಅವಳ ಗಂಡನಿಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ, ಮಗುವಿನ ಜ್ಞಾನಸ್ನಾನ ತಡಮಾಡಬಾರದೆಂದು ಊರಿನ ಹಿರಿಯರ ಒತ್ತಾಯ. ಸೌದಿಯಲ್ಲಿ ಇಗರ್ಜಿಯಿಲ್ಲ, ಅವಳು ಇಲ್ಲಿಗೆ ಬಂದು ಮಾಡಿಸುವ ಹಾಗೂ ಇಲ್ಲ. ಕೊನೆಗೆ ಕುವೈತಿನಲ್ಲೇ ಮಾಡಿದರು. ಪುಸ್ತಕದಲ್ಲಿ ಹೆಸರು ನನ್ನದು. ನನ್ನ ಬದಲಿಗೆ ನಿಂತು ಮಗುವನ್ನು ಎತ್ತಿಕೊಂಡದ್ದು ತಂಗಿಯ ಪಕ್ಕದ ಮನೆಯಾಕೆ.

ಜ್ಞಾನತಾಯಿ ತರಬೇಕಾದ ಬಿಳಿಯ ಉಡುಪನ್ನು ನಾನೇ ಹೊಲಿದಿದ್ದೆ. ಇಲ್ಲಿಂದ ಕುವೈತಿಗೆ ಹೋಗುವ ಒಬ್ಬ ಇಂಜಿನಿಯರರ ಕೈಯಲ್ಲಿ ಅದನ್ನು ಕಳಿಸಿಕೊಟ್ಟೆ. ಲೇಸು ಹಚ್ಚಿದ ಆ ಮೊಳದುದ್ದದ ಬಟ್ಟೆ ಆರಾಮವಾಗಿ ಗಡಿ ದಾಟಿತು. ಅದರ ವೃತ್ತಿಯನ್ನು ಯಾರೂ ಕೇಳಲಿಲ್ಲ. ನಾನು ಇಲ್ಲಿ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ವಿಡಿಯೋ ನೋಡಿದೆ. ಮಗುವಿನ ತಲೆಗೆ ನೀರು ಬೀಳುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಹೋಯಿತು. ನಾನು ಅತ್ತೆ. ಅತ್ತು ಮುಗಿಸಿ, ಕೆಲಸದಿಂದ ಬಂದ ಗಂಡನೊಂದಿಗೆ ಎರಡು ದಿನ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಅವರು ಹಟಮಾರಿ ಎಂದು ನಾನು ಆಗ ಹೇಳಿದ್ದೆ. ಈಗಲೂ ಹೇಳುತ್ತೇನೆ.

ವರ್ಷಗಳು ಕಳೆದವು. ತಂಗಿಗೆ ಎರಡನೆಯದು ನಿಂತಿತು. ಬಹಳ ಕಷ್ಟದ ಬಸಿರು ಅದು. ಇನ್ನು ಮುಂದೆ ಮಕ್ಕಳ ಆಸೆ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಒಂದು ದಿನ ಫೋನಿನಲ್ಲಿ ತಂಗಿ ಮೆಲ್ಲಗೆ ಹೇಳಿದಳು, ಈ ಸಲವೂ ನಿನಗೆ ಬರಲು ಆಗದಿದ್ದರೆ ಬೇರೆಯವರನ್ನೇ ಜ್ಞಾನತಾಯಿ ಮಾಡುತ್ತೇನೆ, ಬದಲಿಗೆ ಯಾರನ್ನೋ ನಿಲ್ಲಿಸುವುದು ಇನ್ನು ಬೇಡ ಎಂದು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೊದಲನೆಯ ಮಗು ಪಕ್ಕದ ಮನೆಯಾಕೆಯ ಬೆನ್ನು ಹಿಡಿದೇ ಬೆಳೆದಿತ್ತು, ನಾನು ಅದಕ್ಕೆ ಫೋನಿನೊಳಗಿನ ದೊಡ್ಡಮ್ಮ. ಇದು ಕೊನೆಯ ಅವಕಾಶವೆಂದು ನನಗೆ ಗೊತ್ತಾಯಿತು.

ಆಗಲೇ ನಿಯಮ ಬದಲಾದ ಸುದ್ದಿ ಬಂದದ್ದು. ನಮ್ಮ ಕಡೆಯವರ ವಾಟ್ಸಾಪ್ ಗುಂಪಿನಲ್ಲಿ ಬರುವ ಹತ್ತು ಸುದ್ದಿಗಳಲ್ಲಿ ಒಂಬತ್ತನ್ನು ನಾನು ನಂಬುವುದಿಲ್ಲ. ಇದನ್ನೂ ನಂಬಲಿಲ್ಲ. ಸುತ್ತಿನ ಅರಬ್ ದೇಶಗಳಲ್ಲಿ ವಾಸದ ಕಾರ್ಡು ಇರುವ ಯಾರಿಗಾದರೂ ಇನ್ನು ಮೇಲೆ ಕುವೈತಿನ ಗಡಿಯಲ್ಲೇ ಪ್ರವಾಸಿ ವೀಸಾ, ವೃತ್ತಿ ಯಾವುದಾದರೂ ಸರಿ ಎಂದಿತ್ತು ಅದರಲ್ಲಿ. ತಂಗಿಯ ಗಂಡ ಅಲ್ಲಿಂದಲೇ ವಿಚಾರಿಸಿ ನಿಜವೆಂದ. ನಮ್ಮ ಕಟ್ಟಡದ ಪೈಂಟರೊಬ್ಬರು ಹೋಗಿ ಅಲ್ಲಿಯ ಗೋಪುರಗಳ ಮುಂದೆ ನಿಂತು ಫೋಟೋ ಹಾಕಿದ ಮೇಲೆ ನನಗೂ ನಂಬಿಕೆ ಬಂತು. ಆ ದಿನ ಮೆಟ್ಟಿಲಿನಲ್ಲಿ ಮ್ಯಾನೇಜರುಗಳ ಮುಖ ನೋಡಬೇಕಿತ್ತು.

ನಾನು ಆಗಲೇ ಬಿಳಿ ಬಟ್ಟೆ ತಂದು ಹೊಲಿಯಲು ಕೂತೆ. ಹಾಗೆ ಹೊಲಿಯುತ್ತಿರುವಾಗಲೇ ನನ್ನ ಗಂಡ ಎದುರು ಕೂತು ನಿಯಮದ ಇನ್ನೊಂದು ಸಾಲನ್ನು ಓದಿ ಹೇಳಿದರು. ಕಾರ್ಡಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಇವರ ಕಂಪನಿ ಕೆಲಸಗಾರರ ಕಾರ್ಡನ್ನು ಮೂರು ಮೂರು ತಿಂಗಳಿಗೆ ನವೀಕರಿಸುವುದು. ಮೊದಲು ವರ್ಷಕ್ಕೊಮ್ಮೆ ಮಾಡುತ್ತಿದ್ದರು, ತ್ರೈಮಾಸಿಕ ಸೌಲಭ್ಯ ಬಂದ ಮೇಲೆ ಹೀಗೆ. ಗಂಡನ ಕಾರ್ಡು ಎಷ್ಟು ದಿನವೋ ನಮ್ಮದೂ ಅಷ್ಟೇ ದಿನ. ಆರು ತಿಂಗಳು ಉಳಿದಿರುವ ಕಾರ್ಡು ನಮ್ಮ ಮನೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಸೂಜಿ ಬೆರಳಿಗೆ ಚುಚ್ಚಿತು.

ಮಂದೂಬನನ್ನು ಕೇಳಿದಾಗ ಅವನು ನಗುತ್ತಲೇ ಹಳೆಯ ಬಾಗಿಲು ತೋರಿಸಿದ. ಆಫೀಸಿನವರಿಗೂ ಸೂಪರ್‌ವೈಸರುಗಳಿಗೂ ಕಂಪನಿ ಪೂರ್ತಿ ವರ್ಷಕ್ಕೇ ನವೀಕರಿಸುತ್ತದೆ. ಮುಶ್ರಿಫ್ ಆಗಿಬಿಡು, ವರ್ಷದ ಕಾರ್ಡು ಕೈಗೆ ಬರುತ್ತದೆ, ಮಗುವನ್ನು ನೋಡಿ ಬಾ ಎಂದನಂತೆ. ಅವನು ಕೆಟ್ಟವನಲ್ಲ. ಇವರನ್ನು ಯಾವಾಗಲೂ ಮುಅಲ್ಲಿಮ್ ಎಂದೇ ಕರೆಯುವವನು, ಅರಬ್ಬರು ಕೈಕೆಲಸ ಚೆನ್ನಾಗಿ ಬಲ್ಲವರಿಗೆ ಕೊಡುವ ಗೌರವ ಅದು.

ಇವರು ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ನನಗೆ ಹೇಳಿದರು. ಹೇಳಿ ನನ್ನ ಮುಖ ನೋಡಿದರು. ಈ ಸಲ ನಿರ್ಧಾರವನ್ನು ನನ್ನ ಕೈಗೇ ಕೊಟ್ಟಿದ್ದಾರೆ ಎಂದು ನನಗೆ ತಿಳಿಯಿತು. ನಾನು ಬದಲಾಯಿಸಿ ಎಂದಿದ್ದರೆ ಬದಲಾಯಿಸುತ್ತಿದ್ದರು. ನನಗಾಗಿ ಕೈಕಟ್ಟಿ ನಿಲ್ಲುತ್ತಿದ್ದರು, ಒಂದು ದಿನವೂ ಅದನ್ನು ಎತ್ತಿ ಆಡುತ್ತಿರಲಿಲ್ಲ. ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಎಷ್ಟೋ ವರ್ಷ ಜಗಳಾಡಿ ಸಿಗದದ್ದು ಈಗ ಕೇಳದೆಯೇ ಎದುರಿಗಿತ್ತು. ಅವರ ಬಲಗೈ ಮೇಜಿನ ಮೇಲಿತ್ತು. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಕಿಡಿ ಹಾರಿದ ಸಣ್ಣ ಸಣ್ಣ ಕಲೆಗಳು. ಆ ಕೈ ಏನೂ ಮಾಡದೆ ಜೇಬಿನಲ್ಲಿ ಇರುವುದನ್ನು ನೆನೆಸಿಕೊಂಡರೆ ನನಗೇ ಸಿಟ್ಟು ಬಂತು.

“ಮುಶ್ರಿಫ್ ಗಿಶ್ರಿಫ್ ಎಂತದೂ ಬೇಡ,” ಎಂದೆ. “ನೀವು ವೆಲ್ಡರ್ ಆಗಿಯೇ ಒಂದು ವರ್ಷದ ಕಾರ್ಡು ತನ್ನಿ. ಹೇಗೆ ತರ್ತೀರಿ ನನಗೆ ಗೊತ್ತಿಲ್ಲ.”

ಯಾರ ಹತ್ತಿರವೂ ಏನನ್ನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ ಅವರು. ಪ್ರಾಜೆಕ್ಟ್ ಮ್ಯಾನೇಜರರ ಕೋಣೆಗೆ ತಾವಾಗಿ ಹೋದದ್ದು ಅದೇ ಮೊದಲಂತೆ. ಒಳಗೆ ಏನಾಯಿತೆಂದು ನನಗೆ ಅವರು ಹೇಳಿದ್ದಲ್ಲ, ಆ ಹೊತ್ತಿಗೆ ಅಲ್ಲಿಗೆ ಚಹಾ ತಂದಿದ್ದ ಕೆಳಗಿನ ಮನೆಯ ಕ್ಯಾಂಟೀನಿನವರು ಹೇಳಿದ್ದು. ಅವರು ಅದನ್ನು ನಮ್ಮ ಬಾಗಿಲಲ್ಲಿ ನಿಂತು ಅಭಿನಯ ಸಮೇತ ಹೇಳಿದರು.

ಮ್ಯಾನೇಜರು ಮೊದಲು ಆಗುವುದಿಲ್ಲ ಎಂದರಂತೆ. ಒಬ್ಬ ವೆಲ್ಡರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ, ಅದರ ಬದಲು ನಿನ್ನನ್ನು ಸೂಪರ್‌ವೈಸರ್ ಮಾಡುವುದು ಸುಲಭ ಎಂದರಂತೆ. ನನ್ನ ಗಂಡ ಆಗಲಿ ಸಾರ್ ಎಂದು ತಲೆಯಾಡಿಸಿದರು. ಆಮೇಲೆ, ಹಾಗಾದರೆ ಈ ಸಲದ ಶಟ್‌ಡೌನಿನಲ್ಲಿ ನಾನು ನಿಂತು ನೋಡುತ್ತೇನೆ ಸಾರ್, ಕಾರ್ಡು ಬದಲಾದ ಮೇಲೆ ಟಾರ್ಚ್ ಹಿಡಿಯುವ ಹಾಗಿಲ್ಲವಲ್ಲ ಎಂದರು. ಶಟ್‌ಡೌನ್ ಎಂದರೆ ಸ್ಥಾವರವನ್ನೇ ನಿಲ್ಲಿಸಿ ಹಳೆಯ ಪೈಪುಗಳನ್ನು ಬದಲಿಸುವ ಕಾಲ. ಹೇಳಿದ ದಿನಕ್ಕೆ ಮುಗಿಯದಿದ್ದರೆ ಮ್ಯಾನೇಜರರ ಕುರ್ಚಿಗೇ ಸಂಚಕಾರ. ಕೈ ತೂರಿಸಲೂ ಜಾಗವಿಲ್ಲದ ಕಡೆ, ಕನ್ನಡಿ ಹಿಡಿದು ಹಿಂಬದಿಯನ್ನು ನೋಡಿಕೊಂಡು ಬೆಸುಗೆ ಹಾಕಬೇಕಾದ ಜಾಗಗಳಿರುತ್ತವೆ. ಅಲ್ಲಿಗೆ ಕಳಿಸುವುದು ನನ್ನ ಗಂಡನನ್ನೇ.

“ಮ್ಯಾನೇಜರು ಕೂಡ್ಲೇ ಫೋನ್ ಎತ್ತಿದ್ರು ಅಕ್ಕ,” ಎಂದರು ಕ್ಯಾಂಟೀನಿನವರು. “ಮಂದೂಬನಿಗೆ, ಇವ್ರ ಕಾರ್ಡು ವರ್ಷಕ್ಕೆ ಮಾಡು ಅಂದ್ರು. ನಾನು ಚಹಾ ಅಲ್ಲೇ ಬಿಟ್ಟು ಬಂದೆ.”

ಅವರು ಹೋದ ಮೇಲೆ ನಾನು ಬಾಗಿಲು ಹಾಕಿದೆ. ಯಾವ ಶಬ್ದ ನಮ್ಮನ್ನು ಅಷ್ಟು ವರ್ಷ ಗಡಿಯ ಈಚೆ ನಿಲ್ಲಿಸಿತ್ತೋ ಅದೇ ಶಬ್ದ ನಮ್ಮನ್ನು ಆಚೆಗೆ ಕಳಿಸುತ್ತಿತ್ತು. ಹೆಮ್ಮೆಯಿಂದ ನನಗೆ ಮಾತೇ ಹೊರಡದೆ ಹೋಯಿತು. ನನ್ನನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ವಿಷಯವೆಂದು ಗೊತ್ತು.

ತಂಗಿಗೆ ಗಂಡುಮಗುವಾಯಿತು. ಜ್ಞಾನಸ್ನಾನಕ್ಕೆ ಒಂದು ಶುಕ್ರವಾರ ಗೊತ್ತುಮಾಡಿದರು, ಕುವೈತಿನಲ್ಲಿ ವಾರದ ಪೂಜೆಗೆ ಜನ ಸೇರುವುದು ಆ ದಿನವೇ. ಜ್ಞಾನತಂದೆಯಾಗಿ ನನ್ನ ಗಂಡನೇ ನಿಲ್ಲುವುದೆಂದೂ ಆಯಿತು. ಮೂವರ ಪಾಸ್‌ಪೋರ್ಟಿನ ಅವಧಿ ನೋಡಿದೆವು. ಸೌದಿಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರಲು ಬೇಕಾದ ಅನುಮತಿ ನನಗೂ ಮಗಳಿಗೂ ಗಂಡನ ಫೋನಿನಿಂದ, ಗಂಡನಿಗೆ ಕಂಪನಿಯಿಂದ ಆಯಿತು. ಹಿಂದಿನ ದಿನ ನಮ್ಮವರ ಹಬ್ಬದ ಇಡ್ಲಿಯಾದ ಸನ್ನ ಬೇಯಿಸಿ ಡಬ್ಬಿಗೆ ತುಂಬಿದೆ. ಕೆಳಗಿನ ಮನೆಯವರು ಒಂದು ದೊಡ್ಡ ಪಾತ್ರೆ ಬಿರಿಯಾನಿ ತಂದು ಕಾರಿನಲ್ಲಿ ಇಟ್ಟೇಬಿಟ್ಟರು. ಗಡಿಯಲ್ಲಿ ಕೇಳಿದರೆ ಅಡುಗೆಯವ ಮಾಡಿದ್ದು ಅಂತಲೇ ಹೇಳಿ ಎಂದರು, ನಗುತ್ತ.

ಬೆಳಿಗ್ಗೆ ಬೇಗನೆ ಹೊರಟೆವು. ದಾರಿಯಲ್ಲಿ ನಾನು ಮಗಳಿಗೂ ಗಂಡನಿಗೂ ಪಾಠ ಹೇಳಿಕೊಟ್ಟೆ. ಯಾಕೆ ಬಂದಿರಿ ಎಂದರೆ ಪ್ರವಾಸ, ಎಲ್ಲಿ ಉಳಿಯುತ್ತೀರಿ ಎಂದರೆ ತಂಗಿಯ ಮನೆ, ಎಷ್ಟು ದಿನ ಎಂದರೆ ಎರಡು ದಿನ. ವೃತ್ತಿ ಕೇಳಿದರೆ ಮಾತ್ರ ಯಾರೂ ಬಾಯಿ ಹಾಕಬೇಡಿ, ನಾನು ಹೇಳುತ್ತೇನೆ ಎಂದೆ. ನನ್ನ ಅರಬ್ಬಿ ತರಕಾರಿ ಅಂಗಡಿಯ ಅರಬ್ಬಿ. ಆದರೂ ಆ ಒಂದು ವಾಕ್ಯವನ್ನು ನಾನು ಒಂದು ವಾರದಿಂದ ಅಭ್ಯಾಸ ಮಾಡಿದ್ದೆ. ನನ್ನ ಗಂಡ ವೆಲ್ಡರ್, ಪೈಪ್ ವೆಲ್ಡರ್, ಇವರ ಬೆಸುಗೆಯನ್ನು ಯಾರೂ ಕತ್ತರಿಸುವುದಿಲ್ಲ. ಇಷ್ಟನ್ನು ಆ ಕೌಂಟರಿನ ಮುಂದೆ, ಹಿಂದೆ ನಿಂತ ಮ್ಯಾನೇಜರುಗಳಿಗೆಲ್ಲ ಕೇಳುವ ಹಾಗೆ ಹೇಳಬೇಕೆಂದು ನನಗೆ ಆಸೆಯಿತ್ತು.

ಸೌದಿಯ ಕಡೆ ಕಾರಿನಿಂದ ಇಳಿಯುವ ಮೊದಲೇ ಕೆಲಸ ಮುಗಿಯಿತು. ಕುವೈತಿನ ಕಡೆ ದೊಡ್ಡ ಹಾಲ್, ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ನಾನು ಗಂಡನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ನಿಂತೆ. ಅಧಿಕಾರಿ ಎಳೆಯ ಪ್ರಾಯದವನು, ಕಣ್ಣಲ್ಲಿ ನಿದ್ದೆ. ಕಾರ್ಡಿನ ಕೊನೆಯ ದಿನಾಂಕ ನೋಡಿದ. ಕ್ಯಾಮರಾ ನೋಡಲು ಹೇಳಿದ, ಬೆರಳಿನ ಗುರುತು ತೆಗೆದುಕೊಂಡ. ಮಗಳ ಹೆಸರು ಕೂಗಿ ಅವಳತ್ತ ಒಮ್ಮೆ ನಕ್ಕ. ಮೂರು ಪಾಸ್‌ಪೋರ್ಟುಗಳನ್ನು ನಮ್ಮತ್ತ ತಳ್ಳಿ ಮುಂದಿನವರನ್ನು ಕರೆದ. ವೃತ್ತಿ ಕೇಳಲೇ ಇಲ್ಲ.

ನಾನು ಅಲ್ಲೇ ನಿಂತಿದ್ದೆ. ನನ್ನ ಗಂಡ ಮೊಣಕೈ ಹಿಡಿದು ಎಳೆದುಕೊಂಡು ಹೋದರು. ಸಂತೋಷವಾಯಿತು, ನಿಜ. ಕಾರು ಹೊರಟು ಮೊದಲ ಬೋರ್ಡಿನಲ್ಲಿ ಕುವೈತ್ ಎಂದು ಓದಿದಾಗ ಕಣ್ಣಲ್ಲಿ ನೀರೂ ಬಂತು. ಆದರೆ ಆ ಹುಡುಗ ಒಂದು ಮಾತು ಕೇಳಬಹುದಿತ್ತು. ಹೇಳಲು ಇಷ್ಟು ಸಿದ್ಧವಾಗಿ ಬಂದವಳನ್ನು ಹಾಗೆ ಬಿಟ್ಟುಬಿಡುವುದು ಸರಿಯಲ್ಲ.

ತಂಗಿ ಇಗರ್ಜಿಯ ಬಾಗಿಲಲ್ಲೇ ಕಾಯುತ್ತಿದ್ದಳು. ಸೊರಗಿದ್ದಳು. ನನ್ನನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವಳ ದೊಡ್ಡ ಮಗು ದೂರದಿಂದ ನನ್ನನ್ನು ನೋಡಿ, ಫೋನಿನಲ್ಲಿದ್ದಕ್ಕಿಂತ ದೊಡ್ಡಮ್ಮ ಎತ್ತರ ಇದ್ದಾಳೆ ಎಂದಿತು. ನಾನು ತಂದಿದ್ದ ಬಿಳಿಯ ಉಡುಪನ್ನು ಮಗುವಿಗೆ ತೊಡಿಸಿ, ಪೂಜೆಗೆ ಮೊದಲು ಎಲ್ಲರೂ ಫಾದರ್ ಇದ್ದ ಸಣ್ಣ ಕೋಣೆಗೆ ಹೋದೆವು.

ಫಾದರ್ ನಮ್ಮ ಕಡೆಯವರೇ, ತಲೆ ಪೂರಾ ನರೆತಿತ್ತು. ಜ್ಞಾನತಂದೆ ಜ್ಞಾನತಾಯಿಯರನ್ನು ಕೂರಿಸಿ ಎರಡು ಮಾತಾಡುವುದು ಅವರ ರೂಢಿಯಂತೆ. ಊರಿನಲ್ಲಿ ಯಾವ ಇಗರ್ಜಿ ಎಂದು ಕೇಳಿದರು. ಗಡಿಯಾಚೆ ಸ್ವಂತ ಜನ ಇದ್ದರೂ ಬರಲಾಗದೆ ಬದಲಿಗೆ ಯಾರಾದರೂ ನಿಂತ ಜ್ಞಾನಸ್ನಾನಗಳನ್ನು ತಾವು ಎಷ್ಟೋ ಮಾಡಿಸಿದ್ದಾಗಿ ಹೇಳಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, ಖಫ್ಜಿಯಲ್ಲಿ ನಿಮಗೆ ಏನು ಕೆಲಸ ಎಂದರು.

ನನ್ನ ಗಂಡ ಬಾಯಿ ತೆರೆಯುವ ಮೊದಲೇ ತಂಗಿಯ ಗಂಡ ಉತ್ತರ ಕೊಟ್ಟುಬಿಟ್ಟ. ನಮ್ಮ ಷಡ್ಡಕ ಅಲ್ಲಿ ಆಯಿಲ್ ಕಂಪನಿಯಲ್ಲಿ ಸೂಪರ್‌ವೈಸರ್ ಫಾದರ್, ಎಂದ. ಅವನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಕೋಣೆಯಲ್ಲಿ ಅವನ ಆಫೀಸಿನ ಇಬ್ಬರು ಗೆಳೆಯರೂ ಇದ್ದರು. ಅವರೂ ತಲೆಯಾಡಿಸಿದ ರೀತಿ ನೋಡಿದರೆ ಇದನ್ನು ಅವನು ಅವರಿಗೆ ಮೊದಲೇ ಹೇಳಿದ್ದಂತಿತ್ತು. ನನ್ನ ಗಂಡ ನೆಲ ನೋಡುತ್ತಿದ್ದರು. ಬೇರೆಯವರ ಮನೆಯ ಕಾರ್ಯದಲ್ಲಿ, ಆ ಮನೆಯವನ ಮಾತನ್ನು ಎಲ್ಲರ ಮುಂದೆ ಸುಳ್ಳು ಮಾಡುವ ಜಾತಿಯವರಲ್ಲ ಅವರು.

ನಾನು ಆ ಜಾತಿಯವಳು.

“ಅಲ್ಲ ಫಾದರ್, ವೆಲ್ಡರ್,” ಎಂದೆ. “ಸೂಪರ್‌ವೈಸರ್ ಆಗಿದ್ದಿದ್ರೆ ನಾವು ಮೊದಲನೇ ಮಗುವಿಗೇ ಬರ್ತಿದ್ದೆವು.”

ತಂಗಿಯ ಗಂಡ ಕೆಮ್ಮಿದ. ನನ್ನ ಗಂಡ ತಲೆಯೆತ್ತಿ ಫಾದರನ್ನು ನೇರವಾಗಿ ನೋಡಿ, ಹೌದು ಫಾದರ್, ವೆಲ್ಡರ್ ಎಂದರು. ಫಾದರ್ ಎದ್ದು ಬಂದು ಅವರ ಕೈ ಹಿಡಿದು ಕುಲುಕಿದರು, ಬನ್ನಿ ಹೊತ್ತಾಯಿತು ಎಂದರು. ತಂಗಿ ಮಗುವನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಎದೆಗೆ ಅವುಚಿಕೊಂಡು ನನ್ನ ಗಂಡನ ಪಕ್ಕದಲ್ಲಿ ಇಗರ್ಜಿಯ ಒಳಗೆ ನಡೆದೆ.